ವಿದೇಶಿ ಅತಿಥಿಗಳು ಮತ್ತು ಗ್ರಾಮೀಣ ಧಾರವಾಡದ ರೀತಿ-ರಿವಾಜುಗಳು: ಆತಿಥ್ಯ ನೀಡುವವರಿಗೆ ಮಾಹಿತಿ

ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲ್ಲೂಕುಗಳಲ್ಲಿ ವಿದೇಶಿ ಅತಿಥಿಗಳಿಗೆ ತಮ್ಮ ಮನೆಯಲ್ಲಿ ವಸತಿ ಕಲ್ಪಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅತಿಥಿಯಿಂದ ಆಗುವ ತಪ್ಪುಗಳು ಬಹುತೇಕ ಅಗೌರವದಿಂದ ಆಗುವಂಥವಲ್ಲ. ಊರಿನ ರೂಢಿಯನ್ನು ಯಾರೂ ಮುಂಚಿತವಾಗಿ ತಿಳಿಸದೇ ಇರುವುದರಿಂದ ಆಗುವಂಥವು. ಆದ್ದರಿಂದ ತಿಳಿಸುವ ಹೊಣೆ ಮೊದಲು ಆತಿಥೇಯರದ್ದಾಗಿರುತ್ತದೆ.

ಮನೆಯಲ್ಲಿ

ಪಾದರಕ್ಷೆಗಳನ್ನು ಹೊರಗೆ ಬಿಡಬೇಕೆಂಬುದು ಹೆಚ್ಚಿನ ಪ್ರವಾಸಿಗರಿಗೆ ತಿಳಿದಿರುತ್ತದೆ. ಹೊಸ್ತಿಲಿನ ಮೇಲೆ ನಿಲ್ಲಬಾರದು, ಕುಳಿತುಕೊಳ್ಳಬಾರದು ಎಂಬುದು ತಿಳಿದಿರುವುದಿಲ್ಲ. ಅಡುಗೆಮನೆ ಮತ್ತು ದೇವರ ಜಗುಲಿಯ ಬಳಿ ಕರೆಯದೇ ಹೋಗಬಾರದು. ಲಿಂಗಾಯತ ಮನೆಗಳಲ್ಲಿ ಇಷ್ಟಲಿಂಗ ಪೂಜೆಯಲ್ಲಿರುವವರನ್ನು ಮಾತನಾಡಿಸುವುದಾಗಲಿ, ಅವರು ಧರಿಸಿರುವ ಕರಡಿಗೆಯನ್ನು ಕುತೂಹಲದಿಂದ ಮುಟ್ಟುವುದಾಗಲಿ ಸಲ್ಲದು. ಸಸ್ಯಾಹಾರಿ ಮನೆಗಳಿಗೆ ಮಾಂಸ, ಮದ್ಯಗಳನ್ನು ಉಡುಗೊರೆಯಾಗಿ ತರಬಾರದೆಂದು ಮೊದಲೇ ತಿಳಿಸುವುದು ಸೂಕ್ತ.

ಹೆಚ್ಚಿನ ಮನಸ್ತಾಪಕ್ಕೆ ಎಡೆಯಾಗುವುದು ಊಟದ ಪಂಕ್ತಿ. "ಸಾಕು" ಎಂದ ಮೇಲೂ ಇನ್ನೊಂದು ರೊಟ್ಟಿ ಬಡಿಸುವುದು ಈ ಭಾಗದ ಉಪಚಾರದ ಕ್ರಮ. ವಿದೇಶಿ ಅತಿಥಿಯು ಮೊದಲ ಬಾರಿಯ "ಸಾಕು" ಎಂಬುದನ್ನೇ ಕೊನೆಯ ಮಾತೆಂದು ತಿಳಿದಿರುತ್ತಾರೆ. ಬಡಿಸಿದ್ದನ್ನು ಅವರು ತಟ್ಟೆಯಲ್ಲಿಯೇ ಬಿಟ್ಟಾಗ ಮನೆಯವರಿಗೆ ನೋವಾಗುತ್ತದೆ. ಅನ್ನ ಚೆಲ್ಲುವುದು ಇಲ್ಲಿ ಸಣ್ಣ ತಪ್ಪಲ್ಲ. ಮೊದಲು ಸ್ವಲ್ಪವೇ ಹಾಕಿಸಿಕೊಳ್ಳಲು ಅತಿಥಿಗೆ ತಿಳಿಸಬೇಕು. ಮನೆಯವರೂ ಒತ್ತಾಯವನ್ನು ಒಂದು ಬಾರಿಗೆ ನಿಲ್ಲಿಸಬೇಕು. ಮಠಗಳ ದಾಸೋಹಕ್ಕೂ ಈ ಮಾತು ಅನ್ವಯಿಸುತ್ತದೆ. ಬಂದ ಕೂಡಲೇ ಕೊಡುವ ನೀರು-ಬೆಲ್ಲದ ವಿಷಯದಲ್ಲಿ ಮಾತ್ರ ಆತಿಥೇಯರೇ ಉದಾರವಾಗಿರಬೇಕು. ಅನೇಕ ವಿದೇಶಿಯರು ಆರೋಗ್ಯದ ಕಾರಣದಿಂದ ಕುದಿಸಿದ ಅಥವಾ ಬಾಟಲಿ ನೀರನ್ನೇ ಕುಡಿಯುತ್ತಾರೆ. ಅದನ್ನು ತಿರಸ್ಕಾರವೆಂದು ಭಾವಿಸಬಾರದು.

ಮಹಿಳಾ ಅತಿಥಿ ಹೊರಡುವಾಗ ಉಡಿ ತುಂಬುವ ಪದ್ಧತಿಯಿದ್ದರೆ ಅದರ ಅರ್ಥವನ್ನು ಹಿಂದಿನ ದಿನವೇ ವಿವರಿಸುವುದು ಒಳ್ಳೆಯದು. ಸೀರೆ ಉಡದವರು ಶಾಲನ್ನು ಒಡ್ಡಿ ಅಕ್ಕಿ, ತೆಂಗಿನಕಾಯಿ, ಖಣಗಳನ್ನು ಸ್ವೀಕರಿಸಬಹುದು. ಅದಕ್ಕೆ ಹಣ ಕೊಡಲು ಮುಂದಾಗಬಾರದು. "ಹೋಗುತ್ತೇನೆ" ಎನ್ನದೆ "ಹೋಗಿ ಬರ್ತೀನ್ರಿ" ಎನ್ನುವುದನ್ನು ಕಲಿಸಿದಲ್ಲಿ ಇಡೀ ಓಣಿ ಸಂತೋಷಪಡುತ್ತದೆ.

ನೋಡಲು ಹೋಗುವ ಸ್ಥಳಗಳಲ್ಲಿ

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು 11ನೆಯ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡವಾಗಿದ್ದರೂ ಪೂಜೆ ನಡೆಯುವ ಗುಡಿಯಾಗಿದೆ. ಮೈ ಮುಚ್ಚುವ ಉಡುಪು ಧರಿಸಬೇಕು. ಗರ್ಭಗುಡಿಯ ಛಾಯಾಚಿತ್ರಕ್ಕೆ ಅನುಮತಿ ಕೇಳಬೇಕು. ನವಲಗುಂದ ತಾಲ್ಲೂಕಿನ ಯಮನೂರಿನ ಚಾಂಗದೇವ ಅಥವಾ ರಾಜಾಬಾಗಸವಾರನ ಸನ್ನಿಧಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಅಲ್ಲಿ ತಲೆಯ ಮೇಲೆ ವಸ್ತ್ರವಿರುವುದು ಲೇಸು. "ಇದು ಯಾರದು?" ಎಂದು ಕೇಳಿ ವಾದಕ್ಕೆ ಎಡೆಮಾಡಬಾರದು.

ನವಲಗುಂದದ ಜಮಖಾನಗಳನ್ನು ಮಹಿಳೆಯರು ನೇಯುತ್ತಾರೆ. ಮಗ್ಗವಿರುವ ಮನೆಗೆ ಪೂರ್ವಾನುಮತಿಯಿಲ್ಲದೆ ಕ್ಯಾಮೆರಾದೊಂದಿಗೆ ಹೋಗುವುದು ಸೌಜನ್ಯವಲ್ಲ. ನಮಾಜಿಗಾಗಿ ನೇಯ್ದ ಹಾಸನ್ನು ಚಪ್ಪಲಿ ಕಾಲಿನಿಂದ ತುಳಿಯಬಾರದು. ಕಲಘಟಗಿಯ ಬಣ್ಣದ ತೊಟ್ಟಿಲುಗಳು ಅತಿಥಿಗಳನ್ನು ಸೆಳೆಯುತ್ತವೆ. ಬರಿದಾದ ತೊಟ್ಟಿಲನ್ನು ತೂಗುವುದು ಅಶುಭವೆಂಬ ನಂಬಿಕೆಯನ್ನು ಅವರಿಗೆ ತಿಳಿಸಿರಬೇಕು. ಕುಂದಗೋಳದಲ್ಲಿ ಸವಾಯಿ ಗಂಧರ್ವರ (1886–1952) ಸ್ಮರಣೆಯ ಸಂಗೀತಕ್ಕೆ ನೆಲದ ಮೇಲೆ ಕುಳಿತು ಕೇಳುವಾಗ ಕಲಾವಿದರ ಕಡೆಗೆ ಕಾಲು ಚಾಚಬಾರದು, ರಾಗದ ನಡುವೆ ಎದ್ದು ಹೋಗಬಾರದು.

ಅತಿಥಿಯ ನಾಡಿನ ರೂಢಿ

ಆತಿಥೇಯರೂ ಕೆಲವನ್ನು ಅರಿಯಬೇಕಾಗುತ್ತದೆ. ಥಾಯ್ಲೆಂಡಿನ ಅತಿಥಿಯು ಎರಡೂ ಕೈಗಳನ್ನು ಜೋಡಿಸಿ ತಲೆಬಾಗುವ "ವಾಯ್" ನಮ್ಮ ನಮಸ್ಕಾರವನ್ನೇ ಹೋಲುತ್ತದೆ. ಆದರೆ ಅವರಿಗೆ ತಲೆ ಅತ್ಯಂತ ಪವಿತ್ರ, ಪಾದ ಅತ್ಯಂತ ಕೀಳು. ಇಲ್ಲಿ ಹಿರಿಯರು ಪ್ರೀತಿಯಿಂದ ತಲೆ ಸವರಿ ಆಶೀರ್ವದಿಸಿದರೆ ಆ ಅತಿಥಿ ಹಿಂಜರಿಯಬಹುದು. ಹಿರಿಯರ ಕಾಲು ಮುಟ್ಟಿ ನಮಸ್ಕರಿಸಲು ಹೇಳಿದರೆ ಗೊಂದಲಕ್ಕೆ ಒಳಗಾಗಬಹುದು. ಜೊತೆಯಲ್ಲಿ ಬೌದ್ಧ ಭಿಕ್ಷುಗಳಿದ್ದಲ್ಲಿ ಮಹಿಳೆಯರು ಅವರನ್ನು ಸ್ಪರ್ಶಿಸಬಾರದು, ಕೈಯಿಂದ ಕೈಗೆ ವಸ್ತುಗಳನ್ನು ಕೊಡಬಾರದು. ಮಧ್ಯಾಹ್ನದ ನಂತರ ಅವರು ಊಟ ಮಾಡುವುದಿಲ್ಲವಾದ್ದರಿಂದ ಬೆಳಿಗ್ಗೆಯೇ ಅಡುಗೆ ಸಿದ್ಧಪಡಿಸಬೇಕಾಗುತ್ತದೆ.

ಕಡ್ಡಾಯ ಮಾಹಿತಿ

ಮೇಲಿನವು ರೂಢಿಗಳು, ಇದು ಕಾನೂನು. ವಿದೇಶಿಯರಿಗೆ ವಸತಿ ನೀಡುವವರು, ಅದು ಸ್ವಂತ ಮನೆಯಾಗಿದ್ದರೂ, ಅವರು ಬಂದ 24 ಗಂಟೆಗಳೊಳಗೆ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ಮಾಹಿತಿ ಸಲ್ಲಿಸಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025ರಲ್ಲಿಯೂ ಈ ಹೊಣೆಯನ್ನು ಮುಂದುವರಿಸಲಾಗಿದೆ. ಪಾಸ್‌ಪೋರ್ಟ್ ಹಾಗೂ ವೀಸಾ ವಿವರಗಳನ್ನು ಅತಿಥಿಯಿಂದ ಮೊದಲ ದಿನವೇ ಕೇಳಿ ಪಡೆಯಬೇಕು. ಹಾಗೆ ಕೇಳುವುದು ಅವಮರ್ಯಾದೆಯಲ್ಲವೆಂದು ಅವರಿಗೆ ವಿವರಿಸಬಹುದು. ಸಂದೇಹಗಳಿದ್ದಲ್ಲಿ ಧಾರವಾಡದ ಜಿಲ್ಲಾ ಪೊಲೀಸ್ ಅಧೀಕ್ಷಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.