ವಾಹಕ ಆರ್‌ಎನ್‌ಎಯ ಅಭಿಜ್ಞಾನ: ಅಂಗೀಕಾರ ಮತ್ತು ನಿರಾಕರಣ

ಅಮೈನೋ ಆಮ್ಲಗಳನ್ನು ಹೊತ್ತು ತಂದು ರೈಬೋಸೋಮಿಗೆ ಒಪ್ಪಿಸುವ ವಾಹಕ ಆರ್‌ಎನ್‌ಎಯ ಸ್ಫಟಿಕ ರಚನೆಯು 1974ರಲ್ಲಿ ಯೀಸ್ಟಿನ ಒಂದು ವಾಹಕದ ಮೂಲಕ ವಿದಿತವಾಗಿ, ಉಳಿದ ವಾಹಕಗಳೂ ಮೊಣಕೈ ಮಡಿಸಿದ ತೋಳಿನಂತಹ ಅದೇ ಆಕೃತಿಯವೆಂದು ಮನಗಂಡಾಗ, ಹಳೆಯ ಸಮಸ್ಯೆಯೊಂದು ಇನ್ನಷ್ಟು ಜಟಿಲವಾಯಿತು. ಎಲ್ಲವೂ ಸಮಾನಾಕಾರವಾಗಿರುವಾಗ, ವಾಹಕಕ್ಕೆ ಅಮೈನೋ ಆಮ್ಲವನ್ನು ಜೋಡಿಸುವ ಪ್ರತಿಯೊಂದು ಸಂಯೋಜಕ ಕಿಣ್ವವೂ ತನಗೆ ಸಲ್ಲುವ ವಾಹಕವನ್ನು ಗುರುತಿಸುವ ಬಗೆ ಯಾವುದು?

1989ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೌಲ್ಡ್, ಪೆರೋನಾ, ಸೋಲ್ ಮತ್ತು ಸ್ಟೈಟ್ಸ್ ಅವರು, ಎಷರಿಕಿಯ ಕೋಲಿಯ ಗ್ಲುಟಮಿನ್ ಸಂಯೋಜಕವನ್ನು ಅದರ ವಾಹಕದೊಡನೆಯೇ ಸ್ಫಟಿಕೀಕರಿಸಿ, 2.8 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಉತ್ತರವನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಕಿಣ್ವವು ಒಂದು ತುದಿಯಲ್ಲಿ ಪ್ರತಿಸಂಕೇತದ ಮೂರು ಕ್ಷಾರಗಳನ್ನು ಪರೀಕ್ಷಿಸುತ್ತದೆ. ಇನ್ನೊಂದು ತುದಿಯಲ್ಲಿ 1 ಮತ್ತು 72ನೆಯ ಸ್ಥಾನಗಳ ಯು–ಎ ಜೋಡಿಯನ್ನು ಬಿಡಿಸಿ, ಅಲ್ಲೊಂದು ಲ್ಯೂಸಿನನ್ನು ಒಡ್ಡಿ, ವಾಹಕದ ತುದಿಯನ್ನು ಹಿಂದಕ್ಕೆ ಮಡಿಚಿ ತನ್ನ ಕ್ರಿಯಾಸ್ಥಾನಕ್ಕೆ ಎಳೆದುಕೊಳ್ಳುತ್ತದೆ. ದುರ್ಬಲವಾದ ಆ ಜೋಡಿ ಸುಲಭವಾಗಿ ಬಿಚ್ಚಿಕೊಳ್ಳುವುದೂ ಗುರುತಿನ ಒಂದಂಶವೇ ಸರಿ.

ಅಂಗೀಕಾರದ ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಿರಾಕರಣದ ಕಥೆಯು ನನಗೆ ಅದಕ್ಕಿಂತ ರಮ್ಯವಾಗಿ ತೋರುತ್ತದೆ, ಮತ್ತು ಅದರಲ್ಲೊಂದು ಅಧ್ಯಾಯ ನಮ್ಮ ನಾಡಿನಲ್ಲಿಯೇ ರಚಿತವಾದುದು. ಪೆಪ್ಟಿಡೈಲ್-ವಾಹಕ ಹೈಡ್ರೊಲೇಸ್ ಎಂಬ ಕಿಣ್ವವು, ಪ್ರೋಟೀನು ಪೂರ್ಣಗೊಳ್ಳುವ ಮುನ್ನವೇ ರೈಬೋಸೋಮಿನಿಂದ ಕಳಚಿಬಿದ್ದ ಅರೆಬರೆ ಪೆಪ್ಟೈಡನ್ನು ಕತ್ತರಿಸಿ ವಾಹಕವನ್ನು ಮರಳಿ ದುಡಿಮೆಗೆ ಒದಗಿಸುತ್ತದೆ. ಯಾವ ವಾಹಕವಾದರೂ ಅದಕ್ಕೆ ಸರಿಯೇ. ಪ್ರೋಟೀನಿನ ಆರಂಭಕ್ಕೆಂದೇ ಮೀಸಲಾದ ಫಾರ್ಮಿಲ್-ಮೆಥಿಯೊನಿನ್ ವಾಹಕವೊಂದನ್ನು ಮಾತ್ರ ಅದು ಮುಟ್ಟದು. ಮುಟ್ಟಿದ್ದರೆ ಆರಂಭವೇ ಕೆಡುತ್ತಿತ್ತು. 1975ರಲ್ಲಿ ಷುಲ್ಮನ್ ಮತ್ತು ಪೆಲ್ಕಾ ಇದರ ಕಾರಣವನ್ನು ತೋರಿಸಿದರು: ಆರಂಭಕ ವಾಹಕದಲ್ಲಿ 1ನೆಯ ಸ್ಥಾನದ ಸಿ, 72ನೆಯ ಎಯೊಡನೆ ಜೋಡಿಯಾಗದು, ಬೈಸಲ್ಫೈಟಿನಿಂದ ಆ ಸಿಯನ್ನು ಯು ಆಗಿಸಿ ಜೋಡಿ ಕೂಡಿಸಿದೊಡನೆ ರಕ್ಷಣೆ ಇಲ್ಲವಾಗುತ್ತದೆ. ಒಂದು ಕಿಣ್ವ ಯಾವ ಸ್ಥಾನದ ಜೋಡಿಯನ್ನು ಬಿಡಿಸಿ ಒಪ್ಪಿಕೊಳ್ಳುತ್ತದೆಯೋ, ಅದೇ ಸ್ಥಾನದಲ್ಲಿ ಜೋಡಿಯಿಲ್ಲದುದನ್ನು ಕಂಡು ಇನ್ನೊಂದು ಹಿಂದೆ ಸರಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಡೊರೊಥಿ ಹಾಜ್ಕಿನ್‌ರ ಬಳಿ ಇನ್ಸುಲಿನ್ನಿನ ರಚನೆಯಲ್ಲಿ ಪಳಗಿ ಬಂದ ಎಂ. ವಿಜಯನ್ ಅವರೂ, ಆರಂಭಕ ವಾಹಕದ ಅಧ್ಯಯನದಲ್ಲಿ ತೊಡಗಿದ್ದ ಉಮೇಶ್ ವಾರ್ಷ್ಣೇಯರೂ ತಮ್ಮ ಸಹೋದ್ಯೋಗಿಗಳೊಡನೆ, ಕ್ಷಯರೋಗಾಣುವಿನ ಈ ಹೈಡ್ರೊಲೇಸನ್ನು ಮೂರು ಬಗೆಯ ಸ್ಫಟಿಕಗಳಲ್ಲಿ ಕಂಡು 2007ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ ತಿಳಿದಿದ್ದ ಎಷರಿಕಿಯದ ಹೈಡ್ರೊಲೇಸಿನ ಸ್ಫಟಿಕದಲ್ಲಿ ಒಂದು ಅಣುವಿನ ಬಾಲವು ನೆರೆಯ ಅಣುವಿನಲ್ಲಿ ಪೆಪ್ಟೈಡು ಕೂರುವ ಬಿರುಕಿನಲ್ಲಿ ಹೊಕ್ಕು ಕುಳಿತಿದ್ದುದು ಕೇವಲ ಆಕಸ್ಮಿಕ. ಆ ಆಕಸ್ಮಿಕವನ್ನೇ ಅವರು ಪೆಪ್ಟೈಡ್ ಹಿಡಿದ ಸ್ಥಿತಿಯ ಪ್ರತಿರೂಪವಾಗಿ ಓದಿದರು. ಬರಿದಾದ ಕ್ಷಯಕಿಣ್ವದಲ್ಲಿ ಬಿರುಕು ತೆರೆದೇ ಇದೆ, ಆದರೆ ವಾಹಕದ ನೆಲೆಗೂ ಪೆಪ್ಟೈಡಿನ ನೆಲೆಗೂ ಸಂಪರ್ಕವಿಲ್ಲ. ಪೆಪ್ಟೈಡು ಬಂದು ಬಿರುಕು ಮುಚ್ಚಿಕೊಂಡಾಗ, ಮುಖ್ಯವಾಗಿ ಎರಡು ಅಮೈನೋ ಆಮ್ಲಗಳು ಒಟ್ಟಾಗಿ ಸರಿದು ನಡುವೆ ದಾರಿ ತೆರೆಯುತ್ತವೆ.

2012ರಲ್ಲಿ ಜಪಾನಿನ ಸಂಶೋಧಕರು ಎಷರಿಕಿಯದ ಹೈಡ್ರೊಲೇಸನ್ನು ವಾಹಕದ ಒಂದು ಭಾಗದೊಡನೆ ಸ್ಫಟಿಕೀಕರಿಸಿದಾಗ, ಅವರು ಆಯ್ದುಕೊಂಡದ್ದು ಅಮೈನೋ ಆಮ್ಲವನ್ನು ಹೊರುವ ತೋಳನ್ನು ಮಾತ್ರ. ಗ್ಲುಟಮಿನ್ ಸಂಯೋಜಕವು ಅಷ್ಟು ಜತನದಿಂದ ಪರೀಕ್ಷಿಸುವ ಪ್ರತಿಸಂಕೇತವನ್ನು ಅವರು ಕೈಬಿಟ್ಟಿದ್ದರು, ಏಕೆಂದರೆ ಈ ಕಿಣ್ವಕ್ಕೆ ಅದರ ಗೊಡವೆಯೇ ಇಲ್ಲ.