ಹ್ಯಾಲಿ ಧೂಮಕೇತು ಮತ್ತು ವಿಜಯಪುರದ ಕಾಲಗಣನೆ

ಭಾಸ್ಕರಾಚಾರ್ಯರು ಹ್ಯಾಲಿ ಧೂಮಕೇತುವನ್ನು ಕಂಡಿದ್ದರೇ ಎಂಬ ಪ್ರಶ್ನೆ ವಿಜಯಪುರದಲ್ಲಿ ಏಳುವುದು ಸಹಜ. ಅವರು ಹುಟ್ಟಿದ್ದು ಶಕ 1036, ಅಂದರೆ 1114ರಲ್ಲಿ; ‘ಸಿದ್ಧಾಂತ ಶಿರೋಮಣಿ’ ಬರೆದಾಗ 36 ವರ್ಷ. ಅದಕ್ಕೆ ಐದು ವರ್ಷ ಮೊದಲು, 1145ರ ಏಪ್ರಿಲ್‌ನಲ್ಲಿ, ಹ್ಯಾಲಿ ಸೂರ್ಯನ ಬಳಿ ಬಂದಿತ್ತು. ಕಾಲವೇನೋ ಹೊಂದುತ್ತದೆ, ಸ್ಥಳ ಹೊಂದುವುದಿಲ್ಲ. ತಮ್ಮ ಊರೆಂದು ಅವರು ಹೆಸರಿಸುವ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಇಲ್ಲಿ ಹಲವರು ನಂಬಿದ್ದಾರೆ. ಆದರೆ ಆ ಊರು ಸಹ್ಯಾದ್ರಿಯ ಆಸರೆಯಲ್ಲಿತ್ತೆಂದು ಹೇಳುವವರು ಸ್ವತಃ ಅವರೇ. ಮೊಮ್ಮಗ ಚಾಂಗದೇವನ ಮಠದ ಶಾಸನ ಸಿಕ್ಕಿದ್ದೂ ಜಳಗಾಂವ ಜಿಲ್ಲೆಯ ಪಾಟಣದಲ್ಲಿ. ನಮ್ಮ ಡೋಣಿ ಹೊಳೆಯ ಬಯಲಿನಲ್ಲಿ ನಿಂತು ಸಹ್ಯಾದ್ರಿಯನ್ನು ಹುಡುಕಲು ನನಗೆ ಧೈರ್ಯ ಸಾಲದು.

ಅಲ್ಲದೆ ನಮ್ಮ ಪರಂಪರೆಯಲ್ಲಿ ಧೂಮಕೇತು ಸಿದ್ಧಾಂತಕಾರರ ಪಾಲಿಗೆ ಬಂದದ್ದೇ ಅಲ್ಲ. ಶಕುನ ನೋಡುವ ಸಂಹಿತೆಗಳಿಗೆ ಸೇರಿದ್ದು. ಕೇತುಗಳ ಉದಯಾಸ್ತ ಗಣಿತಕ್ಕೆ ಸಿಗುವುದಿಲ್ಲವೆಂದು ವರಾಹಮಿಹಿರನು ‘ಬೃಹತ್ಸಂಹಿತೆ’ಯ ಕೇತುಚಾರ ಅಧ್ಯಾಯದ ಮೊದಲಿಗೇ ಒಪ್ಪಿಕೊಳ್ಳುತ್ತಾನೆ. ಆರನೆಯ ಶತಮಾನಕ್ಕೆ ಅದು ಪ್ರಾಮಾಣಿಕ ಮಾತು.

ಗಣಿತಕ್ಕೆ ಅದು ಸಿಕ್ಕಿದ್ದು 1705ರಲ್ಲಿ. 1531, 1607, 1682ರ ಧೂಮಕೇತುಗಳ ಕಕ್ಷೆ ಹೆಚ್ಚುಕಡಿಮೆ ಒಂದೇ, ಅವು ಮೂರೂ, ಗ್ರಹಗಳಿಗೆ ಎದುರು ದಿಕ್ಕಿನಲ್ಲಿ ಚಲಿಸುತ್ತವೆ ಎಂದು ಎಡ್ಮಂಡ್ ಹ್ಯಾಲಿ ತೋರಿಸಿದ. ಮೂರೂ ಒಂದೇ ಎನ್ನಲು ತೊಡಕಿದ್ದದ್ದು ಅಂತರದಲ್ಲಿ: ಮೊದಲನೆಯದು 76 ವರ್ಷ ದಾಟಿದೆ, ಎರಡನೆಯದಕ್ಕೆ 75 ತುಂಬಿಲ್ಲ. ಗುರುಗ್ರಹ ಎಳೆದಾಡುವುದರಿಂದ ಹೀಗಾಗುತ್ತದೆಂದು ಊಹಿಸಿ, 1758ರ ಸುಮಾರಿಗೆ ಮತ್ತೆ ಬರುತ್ತದೆ ಎಂದ. ಫ್ರಾನ್ಸಿನ ಕ್ಲೇರೋ, ಲಾಲಾಂಡ್ ಮತ್ತು ನಿಕೋಲ್ ರೈನ್ ಲಪೋಟ್ ತಿಂಗಳುಗಟ್ಟಲೆ ಲೆಕ್ಕ ಹಾಕಿ, ಗುರು–ಶನಿಗಳಿಂದ 618 ದಿನ ತಡವಾಗುವುದೆಂದರು. 1758ರ ಡಿಸೆಂಬರ್ 25ರಂದು ಮೊದಲು ಕಂಡವನು ಪಾಲಿಚ್ ಎಂಬ ಜರ್ಮನ್ ರೈತ. ಸೂರ್ಯನ ಬಳಿ ಸೇರುವ ದಿನದಲ್ಲಿ, ಹೇಳಿದ್ದಕ್ಕೂ ಬಂದದ್ದಕ್ಕೂ ಒಂದು ತಿಂಗಳ ವ್ಯತ್ಯಾಸ. ಹ್ಯಾಲಿ ತೀರಿಕೊಂಡು ಅಷ್ಟರಲ್ಲಿ 16 ವರ್ಷವಾಗಿತ್ತು.

ಹ್ಯಾಲಿಯ ಆ ಮೂರೂ ವರ್ಷಗಳು ವಿಜಯಪುರದ ಆದಿಲಶಾಹಿ ಆಳ್ವಿಕೆಯೊಳಗೇ ಬೀಳುತ್ತವೆ. 1531ರಲ್ಲಿ ಇಸ್ಮಾಯಿಲ್, 1607ರಲ್ಲಿ ಎರಡನೆಯ ಇಬ್ರಾಹಿಂ, 1682ರಲ್ಲಿ ಸಿಕಂದರ್. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲಶಾಹ ಹುಟ್ಟಿದ್ದು 1607ರ ನಂತರ, ತೀರಿಕೊಂಡದ್ದು 1656ರಲ್ಲಿ. ಬಬಲೇಶ್ವರದ ಕಡೆ ಮಮದಾಪುರದ ಕೆರೆಯೂ ಅವನದೇ. ಅವನ ಇಡೀ ಆಯುಷ್ಯ ಎರಡು ಬರುವಿಕೆಗಳ ನಡುವೆ ಕಳೆಯಿತು; ಗುಮ್ಮಟದ ನೆತ್ತಿಗೆ ಹ್ಯಾಲಿಯ ಮೊದಲ ಭೇಟಿ 1682ರದು. ನಾಲ್ಕೇ ವರ್ಷಕ್ಕೆ, 1686ರ ಸೆಪ್ಟೆಂಬರ್‌ನಲ್ಲಿ, ಕೋಟೆ ಔರಂಗಜೇಬನ ಕೈಸೇರಿತು. ಬಾಲದ ಚಿಕ್ಕಿ ಬಂತು, ರಾಜ್ಯ ಹೋಯಿತು ಎಂದು ಕಥೆ ಕಟ್ಟುವುದು ಸುಲಭ. ಆದರೆ 1607ರಲ್ಲಿಯೂ ಅದೇ ಚಿಕ್ಕಿ ಬಂದಿತ್ತಲ್ಲ? ಇಬ್ರಾಹಿಂ ಮತ್ತೆ 20 ವರ್ಷ ಆಳಿದ.

ಕಕ್ಷೆಯ ಅಳತೆಯನ್ನು ಹಾಳೆಯ ಮೇಲೇ ಮಾಡಿ ನೋಡಬಹುದು. ಕೆಪ್ಲರನ ಮೂರನೆಯ ನಿಯಮದಂತೆ ಅವಧಿಯ ವರ್ಗಕ್ಕೆ ಸರಾಸರಿ ದೂರದ ಘನ ಸಮ. 76ರ ವರ್ಗ 5776. ಅದರ ಘನಮೂಲ 17.94. ಭೂಮಿ–ಸೂರ್ಯರ ದೂರವನ್ನು ಒಂದೆಂದು ಹಿಡಿದರೆ ದೀರ್ಘಾಕ್ಷ ಇದರ ಎರಡರಷ್ಟು, 35.9. ಸೂರ್ಯನಿಗೆ ಹತ್ತಿರದ ಬಿಂದು ಪುರರವಿ 0.59, ಅದನ್ನು ಕಳೆದರೆ ದೂರದ ಬಿಂದು ಅಪರವಿ 35.3, ನೆಪ್ಚೂನಿನ ಆಚೆ. ಎರಡರ ಅನುಪಾತ ಸುಮಾರು 60, ವೇಗದ ಅನುಪಾತವೂ ಅಷ್ಟೇ: ಪುರರವಿಯಲ್ಲಿ ಸೆಕೆಂಡಿಗೆ 54 ಕಿ.ಮೀ., ಅಪರವಿಯಲ್ಲಿ ಒಂದಕ್ಕೂ ಕಡಿಮೆ. ವಿಜಯಪುರದಿಂದ ತಿಕೋಟಾಕ್ಕೆ ಸುಮಾರು 20 ಕಿ.ಮೀ. ಪುರರವಿಯಲ್ಲಿ ಅರೆ ಸೆಕೆಂಡೂ ಹಿಡಿಯದ ಈ ದಾರಿಗೆ ಅಪರವಿಯಲ್ಲಿ 22 ಸೆಕೆಂಡು. 2023ರ ಡಿಸೆಂಬರ್ 9ರಂದು ಅಪರವಿ ಮುಟ್ಟಿ, ಈಗ ಮರಳುವ ದಾರಿಯಲ್ಲಿದೆ.

1986ರ ಫೆಬ್ರವರಿಯ ಪುರರವಿಯ ವೇಳೆಗೆ ಭೂಮಿ ಸೂರ್ಯನ ಆಚೆ ಬದಿಗಿದ್ದುದರಿಂದ ನೋಟ ಕೆಟ್ಟಿತು. ಏಪ್ರಿಲ್ 11ರಂದು ನಮಗೆ ತೀರ ಹತ್ತಿರ ಬಂದಾಗ ಅದು ದಕ್ಷಿಣಕ್ಕೆ ಸುಮಾರು 47 ಡಿಗ್ರಿ ಇಳಿದಿತ್ತು. ಲಂಡನ್ನಿನವರಿಗೆ ದಿಗಂತದ ಕೆಳಗೆ, 16.8 ಡಿಗ್ರಿ ಉತ್ತರದ ವಿಜಯಪುರಕ್ಕೆ, ನಡುರಾತ್ರಿ ದಾಟಿದ ಮೇಲೆ, ದಕ್ಷಿಣ ದಿಕ್ಕಿನಲ್ಲಿ ದಿಗಂತದಿಂದ 26 ಡಿಗ್ರಿ ಮೇಲೆ. ಮುಂದಿನ ಪುರರವಿ 2061ರ ಜುಲೈ 28. ಆಗ ಭೂಮಿ ಧೂಮಕೇತುವಿರುವ ಬದಿಗೇ ಇರುತ್ತದೆ. ಮೋಡವೂ ಇದ್ದೀತು, ಅದು ಮುಂಗಾರಿನ ತಿಂಗಳು.