ಹೊಗೆಯೋ ಲೇಪವೋ: ಸೊರಬ ಸೀಮೆಯ ಉಣುಗು ಮತ್ತು ಸಸ್ಯಮೂಲ ನಿವಾರಕಗಳು

ಕಚ್ಚುವ ಹುಳುಗಳನ್ನು ದೂರವಿಡುವ ಸಸ್ಯಗಳೆಂದರೆ ಮಲೆನಾಡಿನಲ್ಲಿ ಮೊದಲು ನೆನಪಾಗುವುದು ಕೊಟ್ಟಿಗೆಗೆ ಹಾಕುವ ಲಕ್ಕಿ ಸೊಪ್ಪಿನ ಹೊಗೆ. ಗುಡವಿಯಂಥ ಕೆರೆಯಂಚಿನ ಊರಿನ ಮುಸ್ಸಂಜೆಯ ಸೊಳ್ಳೆ, ನುಸಿಗೆ ಅದು ಒಪ್ಪುವ ಉಪಾಯ. ಆದರೆ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ದಾಟಿಸುವುದು ಜೇಡನ ಬಳಗದ ಉಣುಗು, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದಕ್ಕೆ ರೆಕ್ಕೆಯಿಲ್ಲ. ಮನೆಯೊಳಗಿನ ಹೊಗೆಗೂ ಅದಕ್ಕೂ ಸಂಬಂಧವೇ ಬೀಳುವುದಿಲ್ಲ.

ಸೊಳ್ಳೆ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಉಣುಗಿನ ಬಳಿಗೆ ನಾವೇ ಹೋಗುತ್ತೇವೆ. ಡಿಸೆಂಬರಿನಿಂದ ಮೇ ತನಕ, ಕಾಡಿನ ನೆಲ ಒಣಗಿರುವಾಗ, ತರಗೆಲೆ ಗುಡಿಸಿ ಹೊರೆ ಕಟ್ಟುವವರ ಕಣಕಾಲಿಗೆ ಹತ್ತುವುದು ಎಳ್ಳಿಗಿಂತ ಚಿಕ್ಕದಾದ ಅದರ ಮರಿ. ಹುಲ್ಲಿನ ತುದಿಯಲ್ಲಿ ಕೂತು ಮುಂಗಾಲೆರಡನ್ನು ಚಾಚಿರುತ್ತದೆ. ವಾಸನೆ ಹಿಡಿಯುವ ಹ್ಯಾಲರ್ ಅಂಗವಿರುವುದು ಅಲ್ಲೇ. ಬಟ್ಟೆಯ ಅಂಚು ತಗುಲಿದರೆ ಸಾಕು, ಹತ್ತಿಕೊಂಡು ಮಂಡಿಯ ಹಿಂದೆಯೋ ಉಡಿದಾರದ ಬಳಿಯೋ ಕಚ್ಚಿ ಕೂರುತ್ತದೆ.

ಹಾಗಾಗಿ ನಿವಾರಕ ಕಾಲಿನ ಮೇಲಿರಬೇಕು, ಅರ್ಧ ದಿನವಾದರೂ ನಿಲ್ಲಬೇಕು. ಆರೋಗ್ಯ ಇಲಾಖೆ ಹಂಚುತ್ತ ಬಂದಿರುವ ಡಿಎಂಪಿ, ಡೆಪಾ ತೈಲಗಳ ಉದ್ದೇಶವೂ ಇದೇ, ಎರಡೂ ರಾಸಾಯನಿಕಗಳು. ಮಜ್ಜಿಗೆಹುಲ್ಲಿನ ಎಣ್ಣೆಯಂಥ ಸುಗಂಧತೈಲಗಳು ಇಲ್ಲಿ ಸೋಲುವುದು ತಮ್ಮ ಗುಣದಿಂದಲೇ: ಮೂಗಿಗೆ ಬೇಗ ಮುಟ್ಟುವುದು ಬೇಗ ಆರಿಯೂ ಹೋಗುತ್ತದೆ. ನಿಂಬೆವಾಸನೆಯ ನೀಲಗಿರಿಯಿಂದ ಬರುವ ಪಿಎಂಡಿ ಇದಕ್ಕೆ ಅಪವಾದ. ನಿಧಾನವಾಗಿ ಆವಿಯಾಗುವ ಆ ವಸ್ತುವನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರ 2005ರಲ್ಲಿ ಸೊಳ್ಳೆಗಾಗಿ ಶಿಫಾರಸು ಮಾಡಿತು. ಬೇವು, ಹೊಂಗೆಯ ಎಣ್ಣೆಗಳ ಪರಿ ಬೇರೆ. ಅವು ಮಂದ, ಚರ್ಮಕ್ಕೆ ಅಂಟಿ ನಿಲ್ಲುತ್ತವೆ. ಸುಗಂಧತೈಲವನ್ನು ಹಿಡಿದಿಡುವ ಮೈಯಾಗಿ ಅವುಗಳನ್ನು ನೋಡುವುದು ಲೇಸೆಂದು ನನ್ನ ಅಭಿಪ್ರಾಯ.

ಲೇಪದ ತಿಳಿವಳಿಕೆ ಮಲೆನಾಡಿಗೆ ಹೊಸದೇನಲ್ಲ. ಮಳೆಗಾಲದಲ್ಲಿ ಇಂಬಳ ಹತ್ತದಿರಲೆಂದು ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಬಳಿಯುವ ರೂಢಿ ಅದೇ ತತ್ವದ್ದು. ಮಳೆ ನಿಂತೊಡನೆ ಅದು ಮರೆಯಾಗುತ್ತದೆ. ಉಣುಗಿನ ಕಾಲ ಶುರುವಾಗುವುದು ಆಮೇಲೆ! ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ವಾಕರಿಕೆ, ತಲೆಸುತ್ತು ತರುವುದರಿಂದ ಆ ಮಿಶ್ರಣವನ್ನೇ ಬೇಸಿಗೆಗೂ ಎಳೆಯುವಂತಿಲ್ಲ. ಬಳಿಯುವ ಜಾಗ, ಬಳಿಯುವ ಹೊತ್ತು, ಇವಿಷ್ಟನ್ನು ಎರವಲು ಪಡೆಯಬಹುದು. ಬೇವು–ಹೊಂಗೆ ಲೇಪಗಳ ಪರೀಕ್ಷೆಯೂ ಗಾಜಿನ ತಟ್ಟೆಯಲ್ಲಿ ಮುಗಿಯದೆ, ಬೆವರು, ದೂಳು, ಬಟ್ಟೆಯ ಉಜ್ಜಾಟ ಇರುವ ಕಾಲಿನ ಮೇಲೆ, ಪ್ರಯೋಗಾಲಯದಲ್ಲಿ ಸಾಕಿದ ರೋಗಾಣುರಹಿತ ಮರಿ ಉಣುಗುಗಳನ್ನು ಬಿಟ್ಟು, ಗಂಟೆಗೊಮ್ಮೆ ಎಣಿಸುತ್ತ ನಡೆಯಬೇಕು.